ಉಪಕಾರಸ್ಮರಣೆ ಮತ್ತು ಮುಕ್ತಕಂಠದ ಸ್ತುತಿ

ನವಲಗುಂದ ಸೀಮೆಯ ಹಳ್ಳಿಗಳಲ್ಲಿ ಉಪಕಾರ ಪಡೆದವನು ಉಪಕಾರಿಗೆ ‘ಧನ್ಯವಾದ’ ಎಂದು ಹೇಳುವ ವಾಡಿಕೆಯಿಲ್ಲ. ಆ ಶಬ್ದ ಸಭೆಯ ಕೊನೆಯ ವಂದನಾರ್ಪಣೆಗೆ ಮೀಸಲು. ಅಡಚಣೆಯ ಕಾಲದಲ್ಲಿ ಒಂದು ಚೀಲ ಜೋಳ ಕೊಟ್ಟ ನೆರೆಯವನಿಗೆ ಮೊರಬದ ರೈತನು ಹೇಳುವ ಮಾತು ಬೇರೆ: “ನಿಮ್ಮ ಹೆಸರ ಹೇಳಿ ಉಣ್ತೀವ್ರಿ.” ಹಿರಿಯ ಹೆಣ್ಣುಮಗಳಾದರೆ “ನಿನ್ನ ಹೊಟ್ಟಿ ತಣ್ಣಗಿರಲೆಪಾ” ಎಂದು ಹರಸುತ್ತಾಳೆ. ಕೊಟ್ಟವನ ಹೆಸರನ್ನು ನಾಲ್ವರ ಮುಂದೆ ಎತ್ತುವುದು ಒಂದು ರೀತಿ. ಕೊಟ್ಟವನಿಗೆ ಒಳಿತನ್ನು ಹಾರೈಸುವುದು ಇನ್ನೊಂದು ರೀತಿ. ಹಳ್ಳಿಗನ ಕೃತಜ್ಞತೆಗೆ ಇವೆರಡೇ ದಾರಿಗಳು.

ಕೊಟ್ಟವನು ಭಗವಂತನಾದಾಗ ಎರಡನೆಯ ದಾರಿ ಮುಚ್ಚಿಹೋಗುತ್ತದೆ. ಎಲ್ಲರ ಹೊಟ್ಟೆಯನ್ನು ತಣ್ಣಗಿಡುವವನ ಹೊಟ್ಟೆ ತಣ್ಣಗಿರಲೆಂದು ಹರಸುವವರಾರು? ಅವನಿಗೆ ಕೊರತೆಯಾಗಿರುವ ಒಳಿತು ಯಾವುದು? ಆದುದರಿಂದ ಮನುಷ್ಯನಿಗೆ ಉಳಿಯುವುದು ಮೊದಲನೆಯ ದಾರಿಯೊಂದೇ: ಹೆಸರು ಹೇಳಿ ಉಣ್ಣುವುದು. ಸ್ತೋತ್ರ, ಕೀರ್ತನೆ, ಭಜನೆ, ಜಯಘೋಷ ಮೊದಲಾದವುಗಳ ಮೂಲವನ್ನು ಅರಸುತ್ತ ಹೋದರೆ ಕಟ್ಟಕಡೆಗೆ ಕೈಗೆ ಸಿಕ್ಕುವುದು ಈ ಸಾದಾ ಮಾತು.

‘ಕೃತಜ್ಞ’ನೆಂದರೆ ಕೃತವನ್ನು, ಅಂದರೆ ತನಗಾಗಿ ಮಾಡಲ್ಪಟ್ಟುದನ್ನು, ಅರಿತವನು. ಈ ಶಬ್ದ ಅರಿವಿನಲ್ಲಿಯೇ ನಿಲ್ಲುತ್ತದೆ, ಬಾಯಿಗೆ ಬರುವುದಿಲ್ಲ. ಅರಿವು ಬಾಯಿಗೆ ಬಂದಾಗ ಅದಕ್ಕೆ ಬೇರೆ ಹೆಸರುಗಳುಂಟು. ‘ಸ್ತುತಿ’ಯು ‘ಸ್ತು’ ಧಾತುವಿನಿಂದ ಬಂದುದು. ‘ಕೀರ್ತನೆ’, ‘ಕೀರ್ತಿ’ ಎಂಬೆರಡು ಶಬ್ದಗಳಿಗೆ ಧಾತು ಒಂದೇ. ಧಾತುಪಾಠವು ಅದಕ್ಕೆ ‘ಸಂಶಬ್ದನ’ವೆಂಬ ಅರ್ಥವನ್ನು ಹೇಳುತ್ತದೆ, ಎಂದರೆ ಚೆನ್ನಾಗಿ ಶಬ್ದಮಾಡಿ ಹೇಳುವುದು. ಕನ್ನಡದ ‘ಹೊಗಳು’ ಹಳಗನ್ನಡದಲ್ಲಿ ‘ಪೊಗೞ್’ ಎಂದಿತ್ತು. ಇದರ ತಮಿಳು ಸೋದರ ಶಬ್ದಕ್ಕೆ ‘ಕೀರ್ತಿ’ಯೆಂಬ ಅರ್ಥವೇ ಪ್ರಸಿದ್ಧ. ಕೀರ್ತಿಯೆಂಬುದು ಹತ್ತು ಜನರ ಕಿವಿಗೆ ಬೀಳದೆ ಹುಟ್ಟುವ ವಸ್ತುವಲ್ಲ. ಒಬ್ಬನು ತನ್ನ ಮನಸ್ಸಿನಲ್ಲಿ ಮಾತ್ರ ಇನ್ನೊಬ್ಬನಿಗೆ ಕೀರ್ತಿಯನ್ನು ತಂದುಕೊಡಲಾರನು. ಹೀಗೆ ಸಂಸ್ಕೃತ ದ್ರಾವಿಡಗಳೆರಡರಲ್ಲಿಯೂ ಹೊಗಳಿಕೆಯ ಒಡಲಲ್ಲಿಯೇ ಧ್ವನಿ ಅಡಗಿದೆ. ಭಾಗವತವು ಭಕ್ತಿಯನ್ನು ಒಂಬತ್ತು ಬಗೆಯಾಗಿ ಎಣಿಸುವಾಗ ಶ್ರವಣ, ಕೀರ್ತನಗಳನ್ನು ಮೊದಲು ಹೇಳಿ ಸ್ಮರಣವನ್ನು ಮೂರನೆಯದಾಗಿ ಇಟ್ಟಿದೆ. ಮನದ ನೆನಹು ಬಾಯ ಕೀರ್ತನೆಗಿಂತ ಮೇಲೆಂದು ಅವಸರದಲ್ಲಿ ತೀರ್ಮಾನಿಸುವವರು ಈ ಕ್ರಮವನ್ನು ಒಮ್ಮೆ ಗಮನಿಸಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಭಗವಂತನು ಅಂತರ್ಯಾಮಿ, ಮನದೊಳಗಿನ ಕೃತಜ್ಞತೆ ಅವನಿಗೆ ತಿಳಿಯದೇ ಇರುವುದಿಲ್ಲ. ಹಾಗಿರುವಾಗ ಕೂಗಿ ಹೇಳುವುದೇಕೆ? ಅದರಲ್ಲಿಯೂ ಲಿಂಗಾಯತ ಧರ್ಮದಲ್ಲಿ ಇಷ್ಟಲಿಂಗವು ಅಂಗೈಯಲ್ಲಿ ನೆಲಸಿದೆ. ಲಿಂಗಕ್ಕೂ ಲಿಂಗವನ್ನು ನೋಡುವ ಕಣ್ಣಿಗೂ ನಡುವೆ ಗೇಣಿನ ಅಂತರ. ಅಷ್ಟು ಹತ್ತಿರದಲ್ಲಿರುವವನನ್ನು ಕೂಗಿ ಕರೆಯುವುದು ಅಸಂಗತವಲ್ಲವೇ? ತೋರಿಕೆಯ ಭಕ್ತಿಯನ್ನು ಹನ್ನೆರಡನೆಯ ಶತಮಾನದ ಶರಣರಷ್ಟು ನಿಷ್ಠುರವಾಗಿ ಹಳಿದವರು ವಿರಳ. ಷಟ್‌ಸ್ಥಲದ ಮೆಟ್ಟಿಲನ್ನೇರುತ್ತ ಹೋದಂತೆ ಮಾತು ಅಡಗಿ ಮೌನ ಬೆಳೆಯುತ್ತದೆಂಬುದನ್ನು ಅಲ್ಲಮಪ್ರಭುವಿನ ವಚನಗಳನ್ನು ಓದಿದವರು ಬಲ್ಲರು.

ಈ ಆಕ್ಷೇಪಕ್ಕೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಮೊದಲು ಹಳ್ಳಿಯ ಓಣಿಯಲ್ಲಿ ನೋಡಬಹುದು. ಮಳೆ ಹಿಂದೆಗೆದಾಗ ಉತ್ತರ ಕರ್ನಾಟಕದ ಮಕ್ಕಳು ಗುರ್ಜಿಯನ್ನು ಆಡುತ್ತಾರೆ. ಒಬ್ಬ ಹುಡುಗನ ತಲೆಯ ಮೇಲೆ ರೊಟ್ಟಿ ಬೇಯಿಸುವ ಹಂಚು, ಅದರ ಮೇಲೆ ಮಣ್ಣಿನ ಗುರ್ಜಿ. ಅವನು ಮನೆಯಿಂದ ಮನೆಗೆ ಹೋಗಿ ಸುತ್ತುತ್ತಾನೆ. ಹೆಣ್ಣುಮಕ್ಕಳು ಮೇಲಿನಿಂದ ನೀರು ಸುರಿಯುತ್ತಾರೆ. ಜೊತೆಯ ಮಕ್ಕಳು ಮಳೆರಾಯನನ್ನು ಕರೆಯುತ್ತ ಓಣಿಯೇ ಗದ್ದಲವೆದ್ದುಹೋಗುವಂತೆ ಹಾಡುತ್ತಾರೆ. ದೊಡ್ಡವರೂ ಸುಮ್ಮನಿರುವುದಿಲ್ಲ, ಸಪ್ತಾಹ ಹಿಡಿಸುತ್ತಾರೆ, ದೇವರನ್ನು ಹೊಳೆಗೆ ಒಯ್ಯುತ್ತಾರೆ. ಬೇಡುವಾಗ ಭಗವಂತನು ಅಂತರ್ಯಾಮಿಯೆಂಬುದು ಯಾರಿಗೂ ನೆನಪಾಗುವುದಿಲ್ಲ. ಮಳೆ ಬಂದು ಹಳ್ಳ ತುಂಬಿ ಬಿತ್ತನೆ ಮುಗಿದ ಮೇಲೆ ಮಾತ್ರ ‘ಮನದಲ್ಲಿ ನೆನೆದರೆ ಸಾಕು’ ಎಂಬ ತತ್ತ್ವಜ್ಞಾನ ಹುಟ್ಟುತ್ತದೆ. ಊರೆಲ್ಲ ಕೇಳುವಂತೆ ಬೇಡಿದವನು ಊರೆಲ್ಲ ಕೇಳುವಂತೆಯೇ ‘ಬಂದು ಮುಟ್ಟಿತು’ ಎಂದು ಹೇಳಬೇಕಾದುದು ನ್ಯಾಯ. ಸಾಲಗಾರನು ಪತ್ರವನ್ನು ನಾಲ್ವರ ಸಾಕ್ಷಿಯಲ್ಲಿ ಬರೆದುಕೊಟ್ಟು, ಪಾವತಿಯ ಮಾತು ಬಂದಾಗ ‘ನನ್ನ ಮನಸ್ಸಿನಲ್ಲಿದೆ’ ಎಂದರೆ ಯಾವ ಸಾಹುಕಾರನೂ ಒಪ್ಪಲಾರನು.

ಆದರೆ ಹೊಗಳಿಕೆಯೆಲ್ಲವೂ ಸ್ತುತಿಯಲ್ಲ. ಕನ್ನಡ ಸಾಹಿತ್ಯದ ಇತಿಹಾಸ ಈ ಭೇದವನ್ನು ಬಹು ಸ್ಪಷ್ಟವಾಗಿ ತೋರಿಸುತ್ತದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅವನ ತಮ್ಮ ಜಿನವಲ್ಲಭನ ಶಾಸನದಿಂದ ತಿಳಿದುಬಂದಿದೆ. ನವಲಗುಂದಕ್ಕೆ ನೆರೆಯಾದ ಅಣ್ಣಿಗೇರಿಯ ಆ ದೌಹಿತ್ರವಂಶದ ಕವಿಯು ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿ, ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಬೆರೆಸಿದನು, ಅದಕ್ಕೆ ಧರ್ಮವುರವೆಂಬ ಅಗ್ರಹಾರವನ್ನು ಪಡೆದನು. ಪಂಪನ ಕೃತಜ್ಞತೆ ಹುಸಿಯೆಂದು ಯಾರೂ ಹೇಳಲಾರರು. ಅರಸನು ಅವನನ್ನು ಸಖನಂತೆ ಕಂಡನು; ಅವನು ಅರಸನ ಹೆಸರನ್ನು ಸಾವಿರ ವರ್ಷ ಬಾಳಿಸಿದನು. ಹೆಸರು ಹೇಳಿ ಉಂಡ ಮಾತೇ ಇದು. ಆದರೂ ಆಸ್ಥಾನದ ಹೊಗಳಿಕೆಯಲ್ಲಿ ಹಿಂದಿನ ಉಪಕಾರದ ನೆನಪೆಷ್ಟು, ಮುಂದಿನ ಉಪಕಾರದ ಆಸೆಯೆಷ್ಟು ಎಂದು ತೂಗಿ ಹೇಳುವುದು ಕಷ್ಟ. ಪಂಪನಂಥ ಮಹಾಕವಿಯ ವಿಷಯದಲ್ಲಿ ಆ ಸಂದೇಹ ಬಾರದಿದ್ದರೂ ಅವನ ಬೆನ್ನು ಹತ್ತಿ ಬಂದ ಎಷ್ಟೋ ಜನರ ವಿಷಯದಲ್ಲಿ ಬರುತ್ತದೆ.

ಆ ಸಂದೇಹವನ್ನು ಬೇರುಸಹಿತ ಕಿತ್ತವರು ವಚನಕಾರರು. ಅವರು ಹೊಗಳಿಕೆಯನ್ನು ಬಿಡಲಿಲ್ಲ. ಅದರ ದಿಕ್ಕನ್ನು ತಿರುಗಿಸಿದರು. ವಚನದ ರಚನೆಯನ್ನೇ ನೋಡಬಹುದು. ಮಾತು ಎಲ್ಲಿಂದಲೇ ಹೊರಡಲಿ, ಮನೆಯಿಂದ, ಮಾರುಕಟ್ಟೆಯಿಂದ, ಮಗ್ಗದಿಂದ, ಹೊಲದಿಂದ, ಕೊನೆಗೆ ಹೋಗಿ ಸೇರುವುದು ಒಂದು ಹೆಸರಿಗೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿಗೆ ಗುಹೇಶ್ವರ, ನೇಕಾರ ದಾಸಿಮಯ್ಯನವರಿಗೆ ರಾಮನಾಥ. ಇದನ್ನು ‘ಅಂಕಿತ’ವೆಂದು ಕರೆದು, ಕವಿಯ ಗುರುತನ್ನು ಹಚ್ಚಲು ಉಪಯೋಗಿಸುವುದು ಪಾಠಶಾಲೆಯ ರೂಢಿ. ಗುರುತಿಗಾಗಿಯೇ ಆಗಿದ್ದರೆ ಕವಿಯು ತನ್ನ ಹೆಸರನ್ನೇ ಇಡಬಹುದಾಗಿತ್ತು. ತನ್ನ ಹೆಸರನ್ನು ಹೇಳಬೇಕಾದೆಡೆಯಲ್ಲಿ ಕೊಟ್ಟವನ ಹೆಸರನ್ನು ಹೇಳಿದ್ದಾರೆಂಬುದೇ ಇಲ್ಲಿನ ವಿಶೇಷ. ಬೈದಾಗಲೂ ಆ ಹೆಸರೇ, ಅತ್ತಾಗಲೂ ಆ ಹೆಸರೇ. ಹೆಸರು ಹೇಳಿ ಉಣ್ಣುವ ಹಳ್ಳಿಗನ ಮಾತಿಗೆ ಇದಕ್ಕಿಂತ ಶುದ್ಧವಾದ ಸಾಹಿತ್ಯರೂಪ ಕನ್ನಡದಲ್ಲಿ ಬೇರೆ ದೊರೆಯದು.

ತಮ್ಮನ್ನು ತಮ್ಮವರೇ ಹೊಗಳುವುದು ತಮಗೆ ಶಿಕ್ಷೆಯಾಯಿತೆಂದು ಬಸವಣ್ಣನವರು ಒಂದು ವಚನದಲ್ಲಿ ನೊಂದು ನುಡಿದಿದ್ದಾರೆ. ದೇವರ ಹೊಗಳಿಕೆಗೂ ಮನುಷ್ಯರ ಹೊಗಳಿಕೆಗೂ ಇರುವ ಅಂತರ ಇಲ್ಲಿ ಬಯಲಾಗುತ್ತದೆ. ದೇವರನ್ನು ಎಷ್ಟು ಹೊಗಳಿದರೂ ಅವನು ಉಬ್ಬುವುದಿಲ್ಲ, ಹೊಗಳಿದವನು ಕುಗ್ಗುವುದಿಲ್ಲ. ಮನುಷ್ಯನನ್ನು ಅತಿಯಾಗಿ ಹೊಗಳಿದರೆ ಇಬ್ಬರಿಗೂ ಕೇಡು. ಸ್ಮರಣ ಸಂಚಿಕೆಗಳಲ್ಲಿ ಬರೆಯುವವರಿಗೂ ಗೋಡೆಗೆ ಹೆಸರಿನ ಕಲ್ಲು ಕೂಡಿಸುವವರಿಗೂ ಈ ಮಾತು ತಿಳಿಯದ್ದೇನಲ್ಲ. ಆದರೂ ಕಲ್ಲಿನ ಅಳತೆ ವರ್ಷ ವರ್ಷಕ್ಕೆ ದೊಡ್ಡದಾಗುತ್ತಿರುವುದು ಕಣ್ಣಿಗೆ ಬೀಳುತ್ತದೆ. ಪ್ರಾಚೀನ ಶಾಸನಕವಿಗಳು ಈ ವಿಷಯದಲ್ಲಿ ಒಂದು ಮರ್ಯಾದೆಯನ್ನು ಕಾಪಾಡಿದ್ದರು. ಕನ್ನಡ ನಾಡಿನ ಅಸಂಖ್ಯ ಶಾಸನಗಳು ಬಾಣಭಟ್ಟನ ‘ಹರ್ಷಚರಿತೆ’ಯ ಆದಿಯಲ್ಲಿರುವ ಶಂಭುಸ್ತುತಿಯಿಂದ ಆರಂಭವಾಗುತ್ತವೆ. ಕಲ್ಲಿನ ನೆತ್ತಿಯ ಮೇಲೆ ದೇವರು. ದಾನಿಯ ಹೆಸರು, ಬಿಟ್ಟ ಹೊಲದ ಮತ್ತರು, ಎಲ್ಲೆಗಳು ಎಲ್ಲವೂ ಅದರ ಕೆಳಗೆ.

ಹೊಗಳಿಕೆಯ ದಿಕ್ಕು ತಿರುಗಿದ ಕಥೆಗೆ ಹರಿಹರ ಮಹಾಕವಿಯ ಜೀವನ ಇನ್ನೊಂದು ನಿದರ್ಶನ. ಕ್ರಿ.ಶ. 1200ರ ಸುಮಾರಿನ ಈ ಕವಿಯು ದೋರಸಮುದ್ರದಲ್ಲಿ ಹೊಯ್ಸಳರ ಕರಣಿಕನಾಗಿದ್ದು, ಲೆಕ್ಕದ ಕಡತವನ್ನು ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲಸಿದನೆಂದು ಪರಂಪರೆ ಹೇಳುತ್ತದೆ. ನರಸ್ತುತಿಯನ್ನು ಮಾಡೆನೆಂಬುದು ಅವನ ವ್ರತ. ಅಳಿಯನಾದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ಬರೆದು ತಂದಾಗ, ಮರ್ತ್ಯನನ್ನು ಹೊಗಳಿದೆಯೆಂದು ಮಾವನು ಮುನಿದ ಕಥೆಯನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಕಥೆಯಲ್ಲಿ ಐತಿಹ್ಯದ ಅಂಶವೆಷ್ಟೇ ಇರಲಿ, ಹರಿಹರನ ರಗಳೆಗಳನ್ನು ಓದುವಾಗ ಒಂದು ಸಂಗತಿ ಮನಸ್ಸಿಗೆ ಹೊಳೆಯದೆ ಇರುವುದಿಲ್ಲ. ಚಂಪುವಿನ ಬಿಗಿಯಾದ ವೃತ್ತಗಳಲ್ಲಿ ಅವನ ಸ್ತುತಿ ಹಿಡಿಸಲಿಲ್ಲ. ಕೊನೆಯ ಪಂಕ್ತಿ ಇಂತಲ್ಲಿಯೇ ಬರಬೇಕೆಂಬ ನಿರ್ಬಂಧವಿಲ್ಲದ, ಎಷ್ಟು ಬೇಕಾದರೂ ಹರಿಯಬಲ್ಲ ರಗಳೆಯ ಲಯ ಅವನಿಗೆ ಬೇಕಾಯಿತು. ತುಂಬಿದ ಮನಸ್ಸಿಗೆ ನಾಲ್ಕು ಪಾದಗಳ ಲೆಕ್ಕ ಸಾಲದು. ಅವನು ಲೆಕ್ಕಿಗನ ಹುದ್ದೆಯನ್ನು ಬಿಟ್ಟುಬಂದನೆಂಬ ಐತಿಹ್ಯಕ್ಕೆ ಅವನ ಛಂದಸ್ಸೇ ಸಾಕ್ಷಿ ನುಡಿಯುವಂತಿದೆ.

ಹೀಗೆ ದಿಕ್ಕು ಶುದ್ಧವಾದರೂ ತೋರಿಕೆಯ ಭಯ ಪೂರ್ತಿಯಾಗಿ ಹೋಗುವುದಿಲ್ಲ. ದೇವರ ಹೆಸರನ್ನೇ ತನ್ನ ಹಿರಿಮೆಗಾಗಿ ಕೂಗುವವರುಂಟು. ಬಹಿರಂಗದ ಸ್ತುತಿ ನಿಜವೋ ಹುಸಿಯೋ ಎಂದು ಒರೆಗೆ ಹಚ್ಚುವ ಕಲ್ಲನ್ನು ಶರಣರು ‘ಪ್ರಸಾದ’ವೆಂಬ ತತ್ತ್ವದಲ್ಲಿ ಇಟ್ಟಿದ್ದಾರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳಲ್ಲಿ ಪ್ರಸಾದಿಯದು ಮೂರನೆಯದು. ಬಂದುದೆಲ್ಲವೂ ಲಿಂಗದಿಂದ ಬಂದುದೆಂದರಿತು, ಅರ್ಪಿಸಿ, ಪ್ರಸಾದವಾಗಿ ಮರಳಿ ಪಡೆಯುವವನು ಪ್ರಸಾದಿ. ಪ್ರಸಾದವನ್ನು ಒಬ್ಬನೇ ಬಚ್ಚಿಟ್ಟುಕೊಂಡು ಉಣ್ಣಲು ಬರುವುದಿಲ್ಲ. ದೇವರ ಹೆಸರನ್ನು ಹೇಳಿದ ಬಾಯಿಯ ಎದುರಿನಲ್ಲಿ ಇನ್ನೊಂದು ಹಸಿದ ಬಾಯಿಗೆ ಅನ್ನ ಬಿದ್ದಿತೋ ಇಲ್ಲವೋ ಎಂಬುದೇ ಪರೀಕ್ಷೆ. ದಾಸೋಹವಿಲ್ಲದ ಸ್ತೋತ್ರ ಬರಿಯ ಗಂಟಲ ಶ್ರಮ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳಿಸಿದಳು. ಸಾಮಾನ್ಯವಾಗಿ ಈ ಕಥೆಯನ್ನು ಅಪರಿಗ್ರಹಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಕೃತಜ್ಞತೆಗೂ ಇದಕ್ಕೂ ಇರುವ ನಂಟು ಅಷ್ಟೇ ಆಳವಾದುದು. ಇಂದಿನ ಪಾಲು ಇಂದು ಬಂದಿತೆಂದು ನಂಬಿದವನಿಗೆ ನಾಳೆಯ ಪಾಲನ್ನು ಇಂದೇ ಗಂಟುಕಟ್ಟುವ ಅವಸರವಿಲ್ಲ. ಕೂಡಿಡುವ ಕೈ ಕೊಡುವವನ ಮೇಲೆ ಸಂಶಯಪಟ್ಟ ಕೈ. ಬಾಯಿಯಿಂದ ಸ್ತುತಿಸಿ ಕೈಯಿಂದ ಸಂಶಯಪಡುವುದನ್ನು ಲಕ್ಕಮ್ಮ ಒಪ್ಪಲಿಲ್ಲ.

ಈ ಎಲ್ಲ ಮಾತುಗಳನ್ನು ಓದದ, ಓದುವ ಅಗತ್ಯವೂ ಇಲ್ಲದ ಜನ ವರ್ಷಕ್ಕೆ ಎರಡು ಬಾರಿ ಇದನ್ನೆಲ್ಲ ಆಚರಿಸಿ ತೋರಿಸುತ್ತಾರೆ. ಆಶ್ವೀಜದ ಸೀಗಿ ಹುಣ್ಣಿಮೆಯ ದಿನ, ಮಾರ್ಗಶಿರದ ಎಳ್ಳ ಅಮಾವಾಸ್ಯೆಯ ದಿನ ಮೊರಬದಂಥ ಊರುಗಳಲ್ಲಿ ಮನೆಗಳಿಗೆ ಕೀಲಿ ಬೀಳುತ್ತದೆ, ಊರಿಗೂರೇ ಹೊಲದಲ್ಲಿರುತ್ತದೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಬಂಡಿಯಲ್ಲಿ ಬುಟ್ಟಿಗಟ್ಟಲೆ ಬುತ್ತಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಶೇಂಗಾದ ಹೋಳಿಗೆ, ಕಡುಬು, ಗಟ್ಟಿ ಮೊಸರು. ಈಗ ಬಂಡಿಯ ಸ್ಥಳದಲ್ಲಿ ಟ್ರ್ಯಾಕ್ಟರ್ ಬಂದಿರುವುದುಂಟು, ಬುತ್ತಿ ಬದಲಾಗಿಲ್ಲ. ಹೊಲದಲ್ಲಿ ಬನ್ನಿಯ ಗಿಡವಿದ್ದರೆ ಅದರ ಬುಡದಲ್ಲಿ, ಇಲ್ಲದಿದ್ದರೆ ಬೆಳೆಯ ನಡುವೆ, ಐದು ಕಲ್ಲುಗಳನ್ನಿಟ್ಟು ಪೂಜಿಸುತ್ತಾರೆ. ಪಾಂಡವರೆಂದು ಅವುಗಳಿಗೆ ಹೆಸರು. ಎಡೆಯಾದ ಮೇಲೆ ಚರಗ ಚೆಲ್ಲುತ್ತಾರೆ. ಒಬ್ಬನು ನೈವೇದ್ಯದ ಅಡಿಗೆಯನ್ನು ಕಲಸಿ ಹೊಲದ ಸುತ್ತಲೂ ಎರಚುತ್ತ ಮುಂದೆ ಹೋಗುತ್ತಾನೆ. ಇನ್ನೊಬ್ಬನು ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ ಬರುತ್ತಾನೆ. ಮುಂದಿನವನು ಹೆಜ್ಜೆ ಹೆಜ್ಜೆಗೂ ದೊಡ್ಡ ದನಿಯಿಂದ ಕೂಗುತ್ತಾನೆ. ಹಿಂದಿನವನು ಅದಕ್ಕೆ ದನಿಗೂಡಿಸುತ್ತಾನೆ. ಕೂಗಿನ ಮಾತು ಊರಿಂದೂರಿಗೆ ತುಸು ಬೇರೆ. ಪಕ್ಕದ ಹೊಲದವನು ಕೂಗಿದ್ದು ಇವನಿಗೆ ಕೇಳುತ್ತದೆ, ಇವನದು ಅವನಿಗೆ ಕೇಳುತ್ತದೆ. ಎರೆಯ ಬಯಲಿನಲ್ಲಿ ದನಿಗೆ ಅಡ್ಡವಾಗುವ ಗುಡ್ಡವಿಲ್ಲ.

ಈ ಆಚರಣೆಯ ಕಾಲವನ್ನು ಗಮನಿಸಬೇಕು. ಸೀಗಿ ಹುಣ್ಣಿಮೆಗೆ ಹಿಂಗಾರಿ ಬಿತ್ತನೆ ಇನ್ನೂ ಹಸಿಯಾಗಿರುತ್ತದೆ. ಆ ದಿನ ಭೂಮಿತಾಯಿ ಬಸುರಿ, ಅದು ಅವಳ ಬಯಕೆಯ ಊಟ. ಎಳ್ಳ ಅಮಾವಾಸ್ಯೆಗೆ ಬಿಳಿಜೋಳ ತೆನೆಗಟ್ಟುತ್ತಿರುತ್ತದೆ, ಕಡಲೆ ಕಾಯಿ ಹಿಡಿಯುತ್ತಿರುತ್ತದೆ. ರಾಶಿ ಇನ್ನೂ ತಿಂಗಳುಗಟ್ಟಲೆ ದೂರ. ಹುಳು ಬೀಳಬಹುದು, ಮೋಡ ಕವಿದು ಕಾಳು ಜೊಳ್ಳಾಗಬಹುದು, ಪೇಟೆಯಲ್ಲಿ ಧಾರಣೆ ಕುಸಿಯಬಹುದು. ಅಂದರೆ ಒಕ್ಕಲು ಮಗನು ಕೈಗೆ ಬಂದ ಕಾಳಿಗೆ ಕೃತಜ್ಞನಾಗುವುದಲ್ಲ; ನೆಲದಲ್ಲಿ ಹಸಿರು ಎದ್ದು ನಿಂತಿತೆಂಬಷ್ಟಕ್ಕೇ ಕೃತಜ್ಞನಾಗುತ್ತಾನೆ. ‘ಇಷ್ಟು ಕೊಟ್ಟರೆ ಇಷ್ಟು ಮಾಡುತ್ತೇನೆ’ ಎಂಬುದು ಹರಕೆ. ಅದರಲ್ಲಿ ವ್ಯವಹಾರವುಂಟು, ತಪ್ಪೇನಲ್ಲ, ಮನುಷ್ಯನು ದುರ್ಬಲ. ಚರಗ ಹರಕೆಯಲ್ಲ. ಅದಕ್ಕೆ ಪ್ರತಿಯಾಗಿ ಏನೂ ಗೊತ್ತಾಗಿರುವುದಿಲ್ಲ. ಅದರ ಅನ್ನವನ್ನು ಇರುವೆ, ಹಕ್ಕಿ, ಇಲಿಗಳು ತಿನ್ನುತ್ತವೆ. ಮುಂದೆ ಅವೇ ಇಲಿಗಳು ತೆನೆಯನ್ನು ಕತ್ತರಿಸಲಿವೆಯೆಂಬುದು ಚೆಲ್ಲುವವನಿಗೆ ತಿಳಿಯದ ಮಾತಲ್ಲ.

ಸುಗ್ಗಿಯ ಕಣದಲ್ಲಿ ಈ ಭಾವ ಇನ್ನೊಂದು ರೂಪವನ್ನು ತಾಳುತ್ತಿತ್ತು. ಮೇಟಿಯ ಸುತ್ತ ಹಂತಿ ಕಟ್ಟಿ, ರಾತ್ರಿಯೆಲ್ಲ ಎತ್ತುಗಳನ್ನು ತಿರುಗಿಸುತ್ತ ಹಂತಿಯ ಪದಗಳನ್ನು ಹಾಡುತ್ತಿದ್ದರು. ಮೊದಲ ಪದ ದೇವರದು. ಅದಾದ ಮೇಲೆಯೇ ಕಥೆ, ವಿನೋದ. ತೂರಿದ ಕಾಳು ರಾಶಿಯಾದಾಗ ಕಾಲ್ಮರಿ ಕಳಚಿ, ರಾಶಿಗೆ ಪೂಜೆಮಾಡಿ, ಅಳೆಯುವಾಗ ಮೊದಲನೆಯ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಎಣಿಕೆಯ ಮೊದಲ ಅಂಕಿಯೇ ಕೃತಜ್ಞತೆಯ ಶಬ್ದವಾಗಿರುವುದು ಭಾಷಾಭ್ಯಾಸಿಗಳು ಲಕ್ಷ್ಯಕ್ಕೆ ತಂದುಕೊಳ್ಳತಕ್ಕ ವಿಷಯ. ಮನೆಗೆ ಚೀಲ ಹೊರುವ ಮುನ್ನ ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರ ಪಾಲು ಕಣದಲ್ಲಿಯೇ ಸಲ್ಲುತ್ತಿತ್ತು. ಜಂಗಮನ ಜೋಳಿಗೆಗೂ ಬೀಳುತ್ತಿತ್ತು. ಈಗ ರಾಶಿಯ ಯಂತ್ರ ಒಂದೆರಡು ತಾಸಿನಲ್ಲಿ ಕೆಲಸವನ್ನು ಮುಗಿಸುತ್ತದೆ. ಅದರ ಗದ್ದಲದಲ್ಲಿ ಯಾರ ಪದವೂ ಕೇಳುವಂತಿಲ್ಲ. ಹಂತಿಯ ದಣಿವು ತಪ್ಪಿದ್ದು ಒಳ್ಳೆಯದೇ ಆಯಿತು. ಎತ್ತುಗಳಾದರೂ ಹಾಗೆಯೇ ಹೇಳುತ್ತಿದ್ದವು. ಆದರೆ ‘ಲಾಭ’ವೆಂದು ಎಣಿಸುವ ಬಾಯಿಯನ್ನು ಯಂತ್ರ ಮುಚ್ಚಿಸಬೇಕಾಗಿರಲಿಲ್ಲ, ಅದನ್ನು ಜನರೇ ಮರೆತರು.

ಇಷ್ಟಾದರೂ ಕಠಿಣವಾದ ಪ್ರಶ್ನೆ ಹಾಗೆಯೇ ಉಳಿದಿದೆ. ಬೆಳೆ ಬಾರದ ವರ್ಷದಲ್ಲಿ ಏನನ್ನು ಹೊಗಳಬೇಕು? ನವಲಗುಂದ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿನ ಎರೆಮಣ್ಣು ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ನೆಲದೊಳಗಿನ ನೀರು ಬಹುಮಟ್ಟಿಗೆ ಸವುಳು. ಕುಡಿಯುವುದಕ್ಕೆ ಊರ ಕೆರೆಯೇ ಗತಿ. 1876–77ರ ಮಹಾಕ್ಷಾಮ ಧಾರವಾಡ ಜಿಲ್ಲೆಯನ್ನು ಹಣ್ಣುಮಾಡಿತ್ತು. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹೊಲಗಳ ಮೇಲೆ ಹರಿದವು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ನೀರು ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ಇಂಥ ನೆಲದಲ್ಲಿ ನಿಂತು ಕೃತಜ್ಞತೆಯನ್ನು ಉಪದೇಶಿಸುವವನು ತನ್ನ ಹೊಟ್ಟೆ ತುಂಬಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಬೆಳೆ ಹೋದವನ ಮನೆಗೆ ಹೋಗಿ ‘ದೇವರನ್ನು ಕೊಂಡಾಡು’ ಎನ್ನುವುದು ಧರ್ಮವಲ್ಲ, ಕ್ರೌರ್ಯ.

ಶರಣರೂ ದಾಸರೂ ಇದನ್ನು ಅರಿತಿದ್ದರು. ಆದುದರಿಂದಲೇ ಅವರ ಸ್ತುತಿಯಲ್ಲಿ ಜಗಳಕ್ಕೂ ಸ್ಥಳವುಂಟು. ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿಯೆಂದು ಹೆಸರಾದುದು, ಜನ ನಿಂದಾಸ್ತುತಿಯೆಂದು ಕರೆಯುವುದು, ಇದನ್ನೇ. ಭಕ್ತನು ದೇವರನ್ನು ಕೇಳುತ್ತಾನೆ, ಹಂಗಿಸುತ್ತಾನೆ, ಕಲ್ಲೆದೆಯವನೆನ್ನುತ್ತಾನೆ, ‘ನೀನು ಇದ್ದೀಯೋ ಇಲ್ಲವೋ’ ಎಂದೂ ಕೇಳುತ್ತಾನೆ. ಹಾಗೆ ಕೇಳಿದ ಬಾಯಿಯೇ ಕೊನೆಗೆ ಅದೇ ಅಂಕಿತವನ್ನು ನುಡಿಯುತ್ತದೆ. ಪೂರ್ಣಮನಸ್ಸಿನಿಂದ ಹೊಗಳುವುದೆಂದರೆ ಮನಸ್ಸಿನ ಪೂರ್ಣವನ್ನೂ ತಂದಿಡುವುದು. ದುಃಖವನ್ನು ಹಿತ್ತಲಿನಲ್ಲಿ ಬಚ್ಚಿಟ್ಟು ನಗುಮುಖವನ್ನು ಮಾತ್ರ ಅಂಗಳಕ್ಕೆ ತರುವುದಲ್ಲ. ಒಂದು ಕೂಗು ಮುಚ್ಚುಮರೆಯಿಲ್ಲದ್ದೆಂದು ಹೇಳಬೇಕಾದರೆ ಅದರಲ್ಲಿ ಅಳುವಿಗೂ ಅವಕಾಶವಿರಬೇಕು. ಬರದ ವರ್ಷದಲ್ಲಿಯೂ ರೈತನು ಚರಗವನ್ನು ಬಿಡುವುದಿಲ್ಲ. ಬುತ್ತಿ ಸಣ್ಣದಾಗುತ್ತದೆ, ಹೋಳಿಗೆಯ ಜಾಗದಲ್ಲಿ ಬರಿಯ ರೊಟ್ಟಿ ಬರುತ್ತದೆ, ಕೂಗಿನಲ್ಲಿ ಮುನಿಸೂ ಸೇರುತ್ತದೆ. ಮುನಿದವನೂ ಮಾತು ಬಿಟ್ಟಿಲ್ಲವೆಂಬುದು ಮುಖ್ಯ.

ಹೊಲದ ಕೂಗು ಊರೊಳಗೆ ಬಂದಾಗ ಭಜನೆಯಾಗುತ್ತದೆ. ಸೋಮವಾರದ ರಾತ್ರಿ, ಶ್ರಾವಣ ಮಾಸದಲ್ಲಿ ದಿನಾಲು, ಗುಡಿಯ ಕಟ್ಟೆಯ ಮೇಲೆ ತಾಳ, ದಮ್ಮಡಿ, ಹಾರ್ಮೋನಿಯಮ್ಮುಗಳು ಕೂಡುತ್ತವೆ. ಅಲ್ಲಿ ಬಸವಾದಿ ಶರಣರ ವಚನ, ನಿಜಗುಣ ಶಿವಯೋಗಿಗಳ ಪದ, ಶಿಶುನಾಳ ಷರೀಫ ಸಾಹೇಬರ ತತ್ತ್ವಪದಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. 1819ರಿಂದ 1889ರವರೆಗೆ ಬಾಳಿದ ಷರೀಫರು ಹುಟ್ಟಿನಿಂದ ಮುಸಲ್ಮಾನರು, ಅವರ ಗುರು ಗೋವಿಂದ ಭಟ್ಟರು ಬ್ರಾಹ್ಮಣರು, ಹಾಡುವವರಲ್ಲಿ ಬಹುಮಂದಿ ಲಿಂಗಾಯತರು. ಭಜನೆಯ ಮೇಳದಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ವಚನಗಳು ಹೀಗೆ ಮತ್ತೆ ಜನರ ಬಾಯಿಗೆ ಬಂದುದು ಸುಲಭವಾಗಿ ಆದ ಕೆಲಸವಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿಯನ್ನು ಮಾಡುತ್ತ, ಮನೆಮನೆಯ ತಾಳೆಗರಿಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಅದೇ ವಚನಗಳನ್ನು ಖಯಾಲಿನ ಘನತೆಯಿಂದ ಹಾಡಿದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮೂಲಕ ಆ ದನಿ ಹೊಲದಲ್ಲಿ ಕಳೆ ತೆಗೆಯುವವರ ಕಿವಿಗೂ ಬಿದ್ದಿತು. ಒಬ್ಬರು ಮನೆಯನ್ನು ಕೊಟ್ಟರು, ಒಬ್ಬರು ಕಂಠವನ್ನು ಕೊಟ್ಟರು.

ಧ್ವನಿವರ್ಧಕದ ಬಗೆಗೂ ಒಂದು ಮಾತು ಹೇಳಬೇಕಾಗಿದೆ. ಮುಕ್ತಕಂಠವೆಂದರೆ ಯಂತ್ರದ ಕಂಠವಲ್ಲ. ಬೆಳಗಿನ ಜಾವ ಗುಡಿಯ ಕಂಬಕ್ಕೆ ಕಟ್ಟಿದ ಪೆಟ್ಟಿಗೆಯಿಂದ ಧ್ವನಿಮುದ್ರಿಕೆ ಅಬ್ಬರಿಸುತ್ತಿರುವಾಗ ಪೂಜಾರಿಯೂ ಮಲಗಿಯೇ ಇರಬಹುದು. ಅಲ್ಲಿ ಸದ್ದುಂಟು, ಸ್ತುತಿಸುವವನಿಲ್ಲ. ಪರೀಕ್ಷೆಗೆ ಓದುವ ಹುಡುಗನ, ಹಾಸಿಗೆ ಹಿಡಿದ ಮುದುಕನ ನಿದ್ದೆಯನ್ನು ಕೆಡಿಸಿ ಹೇಳುವ ದೇವರ ಹೆಸರು ಯಾರ ಉಪಕಾರವನ್ನೂ ಸ್ಮರಿಸುವುದಿಲ್ಲ.

ಇದಕ್ಕೆ ಪ್ರತಿಯಾದ ಚಿತ್ರವನ್ನು ಮಠಗಳ ಪ್ರಸಾದನಿಲಯಗಳಲ್ಲಿ ಕಾಣಬಹುದು. 1907ರಿಂದ 2019ರವರೆಗೆ ಬಾಳಿದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಿದ್ಧಗಂಗೆಯ ಸಾಮೂಹಿಕ ಪ್ರಾರ್ಥನೆಯನ್ನು ಕಂಡವರು ಅದನ್ನು ಮರೆಯಲಾರರು. ಬೆಳಿಗ್ಗೆ, ಸಂಜೆ ಸಾವಿರಾರು ಮಕ್ಕಳು ಬಯಲಿನಲ್ಲಿ ಸಾಲಾಗಿ ಕುಳಿತು ಒಂದೇ ಕಂಠದಲ್ಲಿ ಹೇಳುತ್ತಿದ್ದರು. ಅವರಲ್ಲಿ ಎಲ್ಲ ಜಾತಿಗಳ, ಬಹುಪಾಲು ಬಡವರ ಮಕ್ಕಳು. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಅವರು ಅಲ್ಲಿ ಬೆಲೆಯಿಲ್ಲದೆ ಪಡೆದಿದ್ದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಕಲಿತ ಹಳ್ಳಿಯ ಹುಡುಗರು ನಾಡಿನ ನಾನಾ ಭಾಗಗಳಲ್ಲಿ ದೊಡ್ಡ ಹುದ್ದೆಗಳನ್ನೇರಿದ್ದಾರೆ. ಅವರು ಉಂಡ ಜೋಳ ಮೊರಬದಂಥ ಊರುಗಳ ಕಣದಿಂದ ಬಂದುದು. ಕೊಟ್ಟವರ ಹೆಸರು ಎಷ್ಟೋ ಸಲ ಯಾವ ವಹಿಯಲ್ಲಿಯೂ ಇಲ್ಲ. ಚೀಲದ ಮೇಲೆ ಹೆಸರು ಬರೆಸುವುದು ಅವರಿಗೆ ಹೊಳೆದಿರಲಿಲ್ಲ. ಉಣ್ಣುವ ಹುಡುಗನು ಯಾರ ಹೆಸರು ಹೇಳಿ ಉಣ್ಣಬೇಕು? ಗೊತ್ತಿಲ್ಲದ ಆ ಎಲ್ಲ ಹೆಸರುಗಳ ಬದಲಾಗಿ ಅವನಿಗೆ ಗೊತ್ತಿದ್ದ ಹೆಸರು ಒಂದೇ. ತಾಟಿನ ಮುಂದೆ ಕುಳಿತು, ಪಕ್ಕದವನೂ ಎದುರಿನವನೂ ಕೇಳುವಂತೆ, ಅವನು ಅದನ್ನೇ ಹೇಳಿ ಮೊದಲ ತುತ್ತನ್ನು ಎತ್ತುತ್ತಿದ್ದನು.

ಭಜನೆಯ ಕಟ್ಟೆಯ ಮೇಲೆಯೂ ಮಂಗಳವಾದ ಮೇಲೆ ಚುರುಮುರಿ, ಪುಟಾಣಿ, ಬೆಲ್ಲದ ಚೂರು ಹಂಚುತ್ತಾರೆ. ರಾಗ ಬಾರದವರು, ತಾಳ ತಪ್ಪಿದವರು, ಹಾಡದೆ ಕಂಬಕ್ಕೊರಗಿ ಕೇಳಿದವರು, ದಾರಿಯಲ್ಲಿ ಹೋಗುವವರು, ಎಲ್ಲರ ಕೈಗೂ ಬೀಳುವುದು ಅದೇ ಒಂದು ಹಿಡಿ.